ರುಡಾಲ್ಫ್ ಡೀಸೆಲ್ ಸತ್ತದ್ದು ಕಡಲೆಕಾಯಿ ಎಣ್ಣೆಗಾಗಿಯೇ? ಬಿಸಿ ಬೋಟ್ ಎಂಜಿನ್ ಫಾರ್ವರ್ಡ್‌ನ ಹಿಂದಿನ ಕಥೆ

ಬೆಂಗಳೂರಿನ ಉಲ್ಲಾಳದಲ್ಲಿ ಸಮುದ್ರವಿಲ್ಲ. ಕೆಂಗೇರಿ ಕಡೆಯ ನಮ್ಮ ಈ ಉಲ್ಲಾಳದಲ್ಲಿ ಇರುವುದು ಒಂದು ಕೆರೆ, ಒಂದು ಉಪನಗರ, ಬೇಕಾದಷ್ಟು ಟ್ರಾಫಿಕ್. ಆದರೂ ಬೋಟ್ ಎಂಜಿನ್ ಬಗ್ಗೆ ಒಂದು ಫಾರ್ವರ್ಡ್ ಇಲ್ಲಿನ ವಾಟ್ಸ್ಯಾಪ್ ಗುಂಪುಗಳಲ್ಲಿ ಸುತ್ತಿ ಸುತ್ತಿ ನಮ್ಮ ಕೈಗೂ ಬಂತು. ಮಂಗಳೂರಿನ ಪಕ್ಕದ ಉಲ್ಲಾಳಕ್ಕೆ ಹೋಗಬೇಕಾದದ್ದು ಹೆಸರಿನ ಗೊಂದಲದಲ್ಲಿ ಇಲ್ಲಿಗೆ ಬಂದಿರಬೇಕು ಎಂದು ನಗುತ್ತಲೇ ಓದಿದೆವು. ಓದಿ ಮುಗಿಸಿದ ಮೇಲೆ ನಗು ಬರಲಿಲ್ಲ. ಅದನ್ನು ನಂಬಿ ಯಾರಾದರೂ ಕಡಲಿಗೆ ಇಳಿದರೆ ಏನು ಗತಿ ಅನ್ನಿಸಿತು.

ಫಾರ್ವರ್ಡ್ ಹೇಳುವುದು ಇಷ್ಟು. ಓಡಿ ಬಿಸಿಯಾದ ಬೋಟ್ ಎಂಜಿನ್ ನಿಲ್ಲಿಸಿದ ಮೇಲೆ ಮತ್ತೆ ಸ್ಟಾರ್ಟ್ ಆಗದಿದ್ದರೆ ಟ್ಯಾಂಕಿಗೆ ಒಂದೆರಡು ಲೀಟರ್ ಕಡಲೆಕಾಯಿ ಎಣ್ಣೆ ಸುರಿಯಬೇಕಂತೆ, ತಕ್ಷಣ ಹೊತ್ತಿಕೊಳ್ಳುತ್ತದಂತೆ. ಯಾಕೆಂದರೆ ಡೀಸೆಲ್ ಎಂಜಿನ್ ಹುಟ್ಟಿದ್ದೇ ಕಡಲೆಕಾಯಿ ಎಣ್ಣೆಗಾಗಿಯಂತೆ. ಈ ಗುಟ್ಟು ಹೊರಬೀಳಬಾರದು ಎಂದು ತೈಲ ಕಂಪನಿಗಳು 1913ರಲ್ಲಿ ರುಡಾಲ್ಫ್ ಡೀಸೆಲ್‌ರನ್ನು ಹಡಗಿನಿಂದ ಸಮುದ್ರಕ್ಕೆ ಎಸೆದವಂತೆ.

ಇದರಲ್ಲಿ ಎಲ್ಲವೂ ಸುಳ್ಳಲ್ಲ. ಅದೇ ತೊಂದರೆ. ಎಣ್ಣೆ ಸುರಿದರೆ ಕೆಲವು ಎಂಜಿನ್‌ಗಳು ಒಮ್ಮೆ ಹೊತ್ತಿಕೊಳ್ಳಲೂಬಹುದು. ಡೀಸೆಲ್ ಹಡಗಿನಿಂದ ಕಾಣೆಯಾದದ್ದಂತೂ ನಿಜ. ನಡುವೆ ಕಟ್ಟಿದ ಕಾರಣಗಳು ಮಾತ್ರ ಬೇರೆ. ಅವನ್ನು ಬಿಡಿಸಲು ಆ ಮನುಷ್ಯನ ಬದುಕನ್ನೇ ನೋಡಬೇಕಾಗುತ್ತದೆ. (ಇಂಧನಕ್ಕೂ ಅವರಿಗೂ ಒಂದೇ ಹೆಸರು. ಗೊಂದಲ ಬೇಡವೆಂದು ಇಲ್ಲಿ ಅವರನ್ನು ರುಡಾಲ್ಫ್ ಎಂದೇ ಕರೆಯುತ್ತೇವೆ.)

ಮಂಜುಗಡ್ಡೆ ಮಾಡುತ್ತಿದ್ದ ಎಂಜಿನಿಯರ್

ರುಡಾಲ್ಫ್ ಹುಟ್ಟಿದ್ದು 1858ರ ಮಾರ್ಚ್ 18ರಂದು, ಪ್ಯಾರಿಸ್‌ನಲ್ಲಿ. ಅಪ್ಪ ಅಮ್ಮ ಜರ್ಮನಿಯ ಬವೇರಿಯಾ ಕಡೆಯವರು. ಅಪ್ಪನದು ಪುಸ್ತಕಕ್ಕೆ ಬೈಂಡ್ ಹಾಕುವ, ಚರ್ಮದ ಸಾಮಾನು ಮಾಡುವ ಕೆಲಸ. 1870ರಲ್ಲಿ ಫ್ರಾನ್ಸ್‌ಗೂ ಜರ್ಮನರಿಗೂ ಯುದ್ಧ ಶುರುವಾಯಿತು. ಪ್ಯಾರಿಸ್‌ನಲ್ಲಿದ್ದ ಜರ್ಮನ್ ಕುಟುಂಬಗಳು ಊರು ಬಿಡಬೇಕಾಯಿತು. ಡೀಸೆಲ್ ಕುಟುಂಬ ಲಂಡನ್ನಿಗೆ ಹೋಯಿತು. ಹನ್ನೆರಡು ವರ್ಷದ ಹುಡುಗನನ್ನು ಅಲ್ಲಿಂದ ಆಗ್ಸ್‌ಬರ್ಗ್‌ನ ಬಂಧುಗಳ ಮನೆಗೆ ಕಳಿಸಿದರು. ಆ ಮನೆಯ ಯಜಮಾನರು ಗಣಿತದ ಮೇಷ್ಟ್ರು. ಹುಡುಗ ಓದಿನಲ್ಲಿ ಮುಂದೆ ಬಂದ, ವಿದ್ಯಾರ್ಥಿವೇತನ ಪಡೆದು ಮ್ಯೂನಿಕ್‌ನ ತಾಂತ್ರಿಕ ಕಾಲೇಜು ಸೇರಿದ. 1879ರಲ್ಲಿ ಕೊನೆಯ ಪರೀಕ್ಷೆಯ ಹೊತ್ತಿಗೆ ಟೈಫಾಯ್ಡ್ ಬಂತು. ಮುಂದಿನ ವರ್ಷ ಪರೀಕ್ಷೆ ಬರೆದು ಒಳ್ಳೆಯ ಅಂಕ ಪಡೆದ.

ಅಲ್ಲಿ ಪಾಠ ಹೇಳಿದವರು ಕಾರ್ಲ್ ಫಾನ್ ಲಿಂಡೆ. ಮಂಜುಗಡ್ಡೆ ಮಾಡುವ ಯಂತ್ರಗಳಿಗೆ ಹೆಸರಾದವರು. ರುಡಾಲ್ಫ್‌ಗೆ ಸಿಕ್ಕ ಕೆಲಸವೂ ಅವರದೇ ಕಂಪನಿಯ ಪ್ಯಾರಿಸ್ ಘಟಕದಲ್ಲಿ. ಬಿಸಿ ಎಂಜಿನ್ ಕಟ್ಟಿ ಹೆಸರಾದವರ ಮೊದಲ ಹತ್ತು ವರ್ಷ ಹೀಗೆ ಐಸ್ ಮಾಡುವುದರಲ್ಲಿ ಕಳೆಯಿತು. ಇದು ಅಷ್ಟೇನೂ ವಿಚಿತ್ರವಲ್ಲ. ಫ್ರಿಜ್ಜು, ಎಂಜಿನ್ ಎರಡೂ ಒಂದೇ ಲೆಕ್ಕದ ಎರಡು ಮುಖ. ಒಂದು ಕೆಲಸ ಖರ್ಚು ಮಾಡಿ ಶಾಖವನ್ನು ಹೊರಗೆ ಹಾಕುತ್ತದೆ, ಇನ್ನೊಂದು ಶಾಖ ತಿಂದು ಕೆಲಸ ಕೊಡುತ್ತದೆ.

ಆ ಕಾಲದ ಸಾಮಾನ್ಯ ಉಗಿ ಎಂಜಿನ್ ಸುಟ್ಟ ಕಲ್ಲಿದ್ದಲಿನ ಶಕ್ತಿಯಲ್ಲಿ ಶೇ 10ರ ಆಸುಪಾಸು ಮಾತ್ರ ಕೆಲಸಕ್ಕೆ ಕೊಡುತ್ತಿತ್ತು. ಉಳಿದದ್ದೆಲ್ಲ ಹೊಗೆಕೊಳವೆಯಲ್ಲಿ ಹೋಗುತ್ತಿತ್ತು. ಈ ನಷ್ಟ ರುಡಾಲ್ಫ್‌ರನ್ನು ಕಾಡತೊಡಗಿತು. ಅವರ ಯೋಚನೆಯನ್ನು ಸೈಕಲ್ ಪಂಪ್ ಇಟ್ಟುಕೊಂಡು ತಿಳಿಯಬಹುದು. ಜೋರಾಗಿ ಹತ್ತಿಪ್ಪತ್ತು ಸಲ ಗಾಳಿ ಹೊಡೆದು ಪಂಪಿನ ತಳ ಮುಟ್ಟಿ ನೋಡಿ, ಬಿಸಿ ಇರುತ್ತದೆ. ಗಾಳಿಯನ್ನು ಒತ್ತಿದರೆ ಅದು ಕಾಯುತ್ತದೆ. ಸಿಲಿಂಡರಿನಲ್ಲಿ ಇನ್ನೂ ಜೋರಾಗಿ ಒತ್ತಿದರೆ 500 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಕ್ಷಣಕ್ಕೆ ಸರಿಯಾಗಿ ಇಂಧನವನ್ನು ಒಳಗೆ ಚಿಮ್ಮಿಸಿದರೆ ಕಿಡಿಯೇ ಬೇಡ, ತಾನಾಗಿ ಉರಿಯುತ್ತದೆ. 1892ರಲ್ಲಿ ಅವರು ಪೇಟೆಂಟ್‌ಗೆ ಅರ್ಜಿ ಹಾಕಿದ್ದು ಈ ವಿಚಾರದ ಮೇಲೆ.

ಒಳಗೆ ಚಿಮ್ಮಿಸುವುದು ಅಂದೆವಲ್ಲ, ಅದೊಂದನ್ನು ನೆನಪಿಟ್ಟುಕೊಳ್ಳಿ. ರುಡಾಲ್ಫ್‌ರ ನಿದ್ದೆ ಕೆಡಿಸಿದ್ದು ಅದು. ಇವತ್ತು ಬಿಸಿ ಬೋಟ್ ಎಂಜಿನ್ ಸ್ಟಾರ್ಟ್ ಆಗದಿರುವುದಕ್ಕೂ ಹೆಚ್ಚಿನ ಸಲ ಅದೇ ಕಾರಣ.

ಒಂದು ನಿಮಿಷ ಓಡಿದ ಎಂಜಿನ್

ಆಗ್ಸ್‌ಬರ್ಗ್‌ನ ಯಂತ್ರ ಕಾರ್ಖಾನೆ ಮತ್ತು ಕ್ರುಪ್ ಕಂಪನಿ ಹಣ ಹಾಕಲು ಒಪ್ಪಿದವು. 1893ರ ಆಗಸ್ಟ್‌ನಲ್ಲಿ ಮೊದಲ ಪ್ರಯೋಗ. ಸಿಲಿಂಡರಿನಲ್ಲಿ ಇಂಧನ ಹೊತ್ತಿಕೊಂಡಿತು, ಜೊತೆಗೆ ಒತ್ತಡ ಅಳೆಯುವ ಉಪಕರಣ ಸಿಡಿದು ಚೂರಾಯಿತು. ಪಕ್ಕದಲ್ಲಿದ್ದವರು ಕೂದಲೆಳೆಯಲ್ಲಿ ಪಾರಾದರು. ಎಂಜಿನ್ ಓಡಲಿಲ್ಲ, ಆದರೆ ಕಿಡಿಯಿಲ್ಲದೆ ಉರಿಯುತ್ತದೆ ಎಂಬುದು ಗೊತ್ತಾಯಿತು. 1894ರ ಫೆಬ್ರವರಿ 17ರಂದು ಅದು ತನ್ನಷ್ಟಕ್ಕೆ ತಿರುಗಿತು. ಎಷ್ಟು ಹೊತ್ತು? ಸುಮಾರು ಒಂದು ನಿಮಿಷ.

ಮುಂದಿನ ಮೂರು ವರ್ಷ ಹೋದದ್ದು ಬಹುಪಾಲು ಇಂಧನ ಚಿಮ್ಮಿಸುವ ಭಾಗವನ್ನು ತಿದ್ದುವುದರಲ್ಲಿ. ಒತ್ತಿದ ಬಿಸಿ ಗಾಳಿಯ ಎದುರು ಇಂಧನ ನುಗ್ಗಬೇಕು. ಬರೀ ನುಗ್ಗಿದರೆ ಸಾಲದು, ಮಂಜಿನ ಹಾಗೆ ಸಣ್ಣ ಹನಿಯಾಗಬೇಕು. ದಪ್ಪ ಹನಿ ಬಿದ್ದರೆ ಪೂರ್ತಿ ಉರಿಯದೆ ಮಸಿ ಕಟ್ಟುತ್ತದೆ. ಬರೀ ಪಂಪಿನಿಂದ ತಳ್ಳಿ ನೋಡಿದರು, ಕೈಗೂಡಲಿಲ್ಲ. ಅಷ್ಟು ನಿಖರವಾಗಿ ಲೋಹ ಕಡೆಯುವುದು ಆಗಿನ ಯಂತ್ರಗಳಿಗೆ ಬರುತ್ತಿರಲಿಲ್ಲ. ಕೊನೆಗೆ ಪಕ್ಕದಲ್ಲೊಂದು ಗಾಳಿ ಒತ್ತುವ ಯಂತ್ರ ಕೂರಿಸಿ, ಆ ಗಾಳಿಯ ರಭಸದಲ್ಲಿ ಇಂಧನವನ್ನು ಊದಿಸಿದರು. ಕೆಲಸ ಆಯಿತು. ಆದರೆ ಎಂಜಿನ್ ಆನೆಯಾಯಿತು.

1897ರ ಫೆಬ್ರವರಿಯಲ್ಲಿ ಮ್ಯೂನಿಕ್‌ನ ಪ್ರಾಧ್ಯಾಪಕ ಮೊರಿಟ್ಸ್ ಶ್ರೋಟರ್ ಅದನ್ನು ಪರೀಕ್ಷಿಸಿದರು. ಸುಮಾರು 3 ಮೀಟರ್ ಎತ್ತರ, ನಾಲ್ಕೂವರೆ ಟನ್ ತೂಕ, ಶಕ್ತಿ 20 ಕುದುರೆಗಿಂತ ಕಡಿಮೆ. ಆದರೆ ದಕ್ಷತೆ ಶೇ 26.2. ಆ ಅಂಕಿ ಯುರೋಪನ್ನು ಬೆಚ್ಚಿಬೀಳಿಸಿತು. ಪರವಾನಗಿ ಕೊಳ್ಳಲು ಕಂಪನಿಗಳು ಸಾಲು ನಿಂತವು. ಅಮೆರಿಕದ ಬಿಯರ್ ಉದ್ಯಮಿ ಅಡಾಲ್ಫಸ್ ಬುಷ್ 10 ಲಕ್ಷ ಮಾರ್ಕ್ ಕೊಟ್ಟರು. ರುಡಾಲ್ಫ್ ದಿಢೀರ್ ಶ್ರೀಮಂತರಾದರು, ಮ್ಯೂನಿಕ್‌ನಲ್ಲಿ ದೊಡ್ಡ ಬಂಗಲೆ ಕಟ್ಟಿಸಿದರು.

ಪರೀಕ್ಷಾ ಕೊಠಡಿಯಲ್ಲಿ ಓಡಿದ್ದು ಗಿರಾಕಿಯ ಕಾರ್ಖಾನೆಯಲ್ಲೂ ಓಡಬೇಕಲ್ಲ? ಅಲ್ಲಿ ಎಡವಿತು. ಮಾರಾಟವಾದ ಮೊದಮೊದಲ ಎಂಜಿನ್‌ಗಳ ಇಂಧನ ಕವಾಟಗಳು ಕಟ್ಟಿಕೊಂಡವು, ಗಾಳಿ ಒತ್ತುವ ಯಂತ್ರ ಕೈಕೊಟ್ಟಿತು. ಎಂಜಿನ್‌ಗಳು ವಾಪಸು ಬಂದವು. ಆಗ್ಸ್‌ಬರ್ಗ್‌ನಲ್ಲಿ ಅವರ ಹೆಸರಿನಲ್ಲೇ ಶುರುವಾದ ಎಂಜಿನ್ ಕಾರ್ಖಾನೆ ಏಳಲಿಲ್ಲ. ಮೂಲ ವಿಚಾರ ತಮ್ಮದು ಎಂದು ಬೇರೆಯವರು ತಕರಾರು ತೆಗೆದರು. 1898ರಲ್ಲಿ ರುಡಾಲ್ಫ್ ಮಾನಸಿಕವಾಗಿ ಕುಸಿದು ಚಿಕಿತ್ಸೆಗೆ ಸೇರಬೇಕಾಯಿತು. ಫಾರ್ವರ್ಡ್‌ಗಳಲ್ಲಿ ಬರುವ ಡೀಸೆಲ್ ಯಾವಾಗಲೂ ಗೆದ್ದ ಮೇಧಾವಿ. ನಿಜವಾದ ಮನುಷ್ಯ ತನ್ನ ಯಂತ್ರದ ಕಂತುಗಟ್ಟಲೆ ದೂರುಗಳ ಕೆಳಗೆ ನಲುಗುತ್ತಿದ್ದರು. ಯಂತ್ರವನ್ನು ದಾರಿಗೆ ತಂದದ್ದು ಬಹುಮಟ್ಟಿಗೆ ಆಗ್ಸ್‌ಬರ್ಗ್ ಕಾರ್ಖಾನೆಯ ಎಂಜಿನಿಯರ್‌ಗಳ ತಾಳ್ಮೆ ಎಂಬುದು ನಮ್ಮ ಅಭಿಪ್ರಾಯ.

ಕಡಲೆಕಾಯಿ ಎಣ್ಣೆ ಬಂದದ್ದು ಎಲ್ಲಿಂದ?

1900ರಲ್ಲಿ ಪ್ಯಾರಿಸ್‌ನಲ್ಲಿ ವಿಶ್ವ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ಒಂದು ಪುಟ್ಟ ಡೀಸೆಲ್ ಎಂಜಿನ್ ಕಡಲೆಕಾಯಿ ಎಣ್ಣೆಯಲ್ಲಿ ಓಡಿತು. ಇದು ನಿಜ. ಆದರೆ ಓಡಿಸಿದ್ದು ಆಟೊ ಎಂಬ ಕಂಪನಿ, ಅದೂ ಫ್ರೆಂಚ್ ಸರ್ಕಾರದ ಕೋರಿಕೆಯ ಮೇಲೆ. ಫ್ರಾನ್ಸ್‌ನ ಆಫ್ರಿಕನ್ ವಸಾಹತುಗಳಲ್ಲಿ ಕಡಲೆಕಾಯಿ ಹೇರಳ, ಕಲ್ಲಿದ್ದಲು ತೈಲ ಇಲ್ಲ. ಅಲ್ಲಿಯ ಬೆಳೆಯಿಂದಲೇ ಅಲ್ಲಿಯ ಯಂತ್ರ ಓಡಿಸಬಹುದೇ ಎಂದು ನೋಡುವ ಆಸೆ ಅವರದು. ಎಂಜಿನ್ ಮಾಮೂಲಿ ತೈಲಕ್ಕೆಂದು ಕಟ್ಟಿದ್ದು, ಎಣ್ಣೆಗಾಗಿ ಬದಲಾಯಿಸಿರಲಿಲ್ಲ. ಇದನ್ನು ಹೇಳಿದವರು ಸ್ವತಃ ರುಡಾಲ್ಫ್, 1912ರಲ್ಲಿ. ಮುಂದೊಂದು ದಿನ ಸಸ್ಯದ ಎಣ್ಣೆಗಳು ಮುಖ್ಯ ಇಂಧನವಾಗಬಹುದು ಎಂದೂ ಅವರು ನಂಬಿದ್ದರು. ಅಂದರೆ ಗುಟ್ಟು ಏನೂ ಇರಲಿಲ್ಲ. ತುಂಬಿದ ಸಭೆಯಲ್ಲಿ ಆಡಿ, ಅಚ್ಚಾದ ಮಾತು ಅದು.

ಆ ನಂಬಿಕೆ ಹುಸಿಯೂ ಅಲ್ಲ. ಹಾಸನದ ಮಡೆನೂರಿನ ಜೈವಿಕ ಇಂಧನ ಉದ್ಯಾನದಲ್ಲಿ ಹೊಂಗೆ, ಬೇವಿನಂಥ ಬೀಜಗಳ ಎಣ್ಣೆಯ ಕೆಲಸ ನಡೆದಿದೆ. ಆದರೆ ಬೀಜದ ಎಣ್ಣೆಯನ್ನು ರಾಸಾಯನಿಕ ಕ್ರಿಯೆಯಿಂದ ಬಯೋಡೀಸೆಲ್ ಮಾಡುವುದು ಬೇರೆ, ಅಡುಗೆಮನೆಯ ಕ್ಯಾನು ತಂದು ಟ್ಯಾಂಕಿಗೆ ಬಗ್ಗಿಸುವುದು ಬೇರೆ. ಮಾಮೂಲಿ ಅಡುಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ಅದು ಸಣ್ಣ ಹನಿಯಾಗುವುದಿಲ್ಲ, ನಾಝಲ್ ಮೇಲೆ ಮಸಿ ಕಟ್ಟುತ್ತದೆ, ಪಿಸ್ಟನ್ ರಿಂಗ್ ಹಿಡಿಸುತ್ತದೆ, ಫಿಲ್ಟರ್ ಮುಚ್ಚುತ್ತದೆ, ಎಂಜಿನ್ ಆಯಿಲ್‌ಗೆ ಸೇರಿ ಅದನ್ನು ಗಟ್ಟಿ ಮಾಡುತ್ತದೆ.

ತೈಲ ಕಂಪನಿಗಳು ಅವರನ್ನು ದ್ವೇಷಿಸುತ್ತಿದ್ದವು ಎಂಬ ಮಾತನ್ನೂ ನೋಡೋಣ. ರಷ್ಯಾದ ತೈಲ ದೊರೆಗಳಾಗಿದ್ದ ನೊಬೆಲ್ ಸಹೋದರರ ಕಂಪನಿ 1898ರಲ್ಲೇ ರುಡಾಲ್ಫ್‌ರಿಂದ ಪರವಾನಗಿ ಕೊಂಡಿತ್ತು. 1903ರಲ್ಲಿ ನೀರಿಗಿಳಿದ ಮೊದಲ ಡೀಸೆಲ್ ಹಡಗುಗಳಲ್ಲಿ ಒಂದಾದ ವಂಡಾಲ್ ಅದೇ ಕಂಪನಿಯದು. ಅದರ ಕೆಲಸ ವೋಲ್ಗಾ ನದಿಯಲ್ಲಿ ತೈಲ ಸಾಗಿಸುವುದು. ಡೀಸೆಲ್ ಎಂಜಿನ್ ಬಂದಿದ್ದರಿಂದ ಬೆಲೆ ಬಾರದ ಮಂದ ತೈಲಕ್ಕೂ ಗಿರಾಕಿ ಸಿಕ್ಕಿತು. ಗಿರಾಕಿ ತಂದವನನ್ನು ಯಾವ ವ್ಯಾಪಾರಿ ಕೊಲ್ಲಿಸುತ್ತಾನೆ?

ನೀರಿನ ಮೇಲೆ ಈ ಎಂಜಿನ್ ಬೇಗ ನೆಲೆಯೂರಿತು. ಹಡಗಿಗೆ ತೂಕ ದೊಡ್ಡ ಮಾತಲ್ಲ, ಕಲ್ಲಿದ್ದಲು ತುಂಬುವ ಜಾಗ ಉಳಿಯುವುದು ದೊಡ್ಡ ಮಾತು. 1912ರಲ್ಲಿ ಡೆನ್ಮಾರ್ಕಿನ ಸೆಲಾಂಡಿಯಾ ಎಂಬ ಡೀಸೆಲ್ ಹಡಗು ಕೋಪನ್‌ಹೇಗನ್‌ನಿಂದ ಹೊರಟು ಬ್ಯಾಂಕಾಕ್ ತನಕ ಹೋಯಿತು. ಆದರೆ ಸಣ್ಣ ಮೀನುಗಾರಿಕೆ ದೋಣಿಗೆ, ಲಾರಿಗೆ ಆ ಗಾಳಿ ಯಂತ್ರ ಹೊತ್ತ ಆನೆ ಹೊಂದುವಂತಿರಲಿಲ್ಲ. ಅದು ಹೊಂದುವುದನ್ನು ರುಡಾಲ್ಫ್ ನೋಡಲಿಲ್ಲ.

1913ರ ಸೆಪ್ಟೆಂಬರ್ 29

ಹೊರಗಿನವರಿಗೆ ಅವರು ಕೋಟ್ಯಧಿಪತಿ. ಒಳಗೆ ಹಣ ಸೋರಿಹೋಗಿತ್ತು. ಜಮೀನು ವ್ಯವಹಾರದಲ್ಲಿ ಕಳೆದುಕೊಂಡರು, ವ್ಯಾಜ್ಯಗಳಲ್ಲಿ ಕಳೆದುಕೊಂಡರು. ಮುಖ್ಯ ಪೇಟೆಂಟ್‌ನ ಅವಧಿ ಮುಗಿದು ವರ್ಷಗಳಾಗಿದ್ದವು. ಕಾರ್ಮಿಕರೇ ಪಾಲುದಾರರಾಗುವ ಸಮಾಜದ ಬಗ್ಗೆ 1903ರಲ್ಲಿ ಒಂದು ಪುಸ್ತಕ ಬರೆದರು, ಎಂಜಿನ್‌ಗಿಂತ ಅದನ್ನೇ ಹೆಚ್ಚು ಹಚ್ಚಿಕೊಂಡಿದ್ದರು. ಅದು ಮಾರಾಟವಾಗಲಿಲ್ಲ. 1912ರ ನವೆಂಬರಿನಲ್ಲಿ ಹಡಗು ತಂತ್ರಜ್ಞರ ಸಭೆಯಲ್ಲಿ ತಮ್ಮ ಎಂಜಿನ್ ಹುಟ್ಟಿದ ಬಗೆ ವಿವರಿಸಿದರೆ, ಪ್ರಾಧ್ಯಾಪಕರು ಎದ್ದು ನಿಂತು ಅವರ ಪಾಲು ಎಷ್ಟು ಎಂದೇ ಪ್ರಶ್ನಿಸಿದರು.

ಮರುವರ್ಷದ ಸೆಪ್ಟೆಂಬರ್ 29ರ ಸಂಜೆ ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಡ್ರೆಸ್ಡೆನ್ ಎಂಬ ಹಡಗು ಹತ್ತಿದರು. ಇಂಗ್ಲೆಂಡಿನಲ್ಲಿ ಎಂಜಿನ್ ಕಂಪನಿಯೊಂದರ ಸಭೆಯಿತ್ತು. ಜೊತೆಯಲ್ಲಿ ಇಬ್ಬರು ಪರಿಚಿತರು. ಒಟ್ಟಿಗೆ ಊಟ ಮಾಡಿದರು. ರಾತ್ರಿ ಹತ್ತರ ಸುಮಾರಿಗೆ, ಬೆಳಗ್ಗೆ ಆರೂಕಾಲಿಗೆ ಎಬ್ಬಿಸಿ ಎಂದು ಹೇಳಿ ಕೋಣೆಗೆ ಹೋದರು. ಬೆಳಗ್ಗೆ ಕೋಣೆ ಖಾಲಿ. ಹಾಸಿಗೆ ಮೇಲೆ ಮಲಗಿದ ಗುರುತಿಲ್ಲ, ರಾತ್ರಿ ಉಡುಪು ಹಾಗೇ ಇತ್ತು. ಮೇಲಿನ ಅಟ್ಟದಲ್ಲಿ ಕಂಬಿಯ ಬಳಿ ಅವರ ಟೋಪಿ, ಮಡಚಿಟ್ಟ ಕೋಟು ಸಿಕ್ಕವು. ಸುಮಾರು ಹತ್ತು ದಿನದ ಮೇಲೆ ಡಚ್ ದೋಣಿಯೊಂದಕ್ಕೆ ಒಂದು ದೇಹ ಕಂಡಿತು. ಕನ್ನಡಕದ ಡಬ್ಬಿ, ಚಿಕ್ಕ ಚಾಕುವಿನಂಥ ಸಣ್ಣಪುಟ್ಟ ವಸ್ತುಗಳನ್ನು ತೆಗೆದುಕೊಂಡು ದೇಹವನ್ನು ಸಮುದ್ರಕ್ಕೇ ಬಿಟ್ಟರು. ಆ ವಸ್ತುಗಳು ಅಪ್ಪನವು ಎಂದು ಮಗ ಓಯ್ಗನ್ ಗುರುತಿಸಿದರು.

ಹೊರಡುವ ಮುನ್ನ ಹೆಂಡತಿ ಮಾರ್ತಾಗೆ ಒಂದು ಚೀಲ ಕೊಟ್ಟು, ವಾರ ಕಳೆದು ತೆರೆಯಲು ಹೇಳಿದ್ದರು. ಅದರಲ್ಲಿ 20,000 ಮಾರ್ಕ್ ನಗದು, ಬ್ಯಾಂಕಿನಲ್ಲಿ ಏನೂ ಉಳಿದಿಲ್ಲ ಎಂದು ತೋರಿಸುವ ಕಾಗದಪತ್ರ ಇದ್ದವು. ಡೈರಿಯಲ್ಲಿ ಆ ದಿನಾಂಕದ ಪಕ್ಕ ಒಂದು ಶಿಲುಬೆ ಗುರುತು ಇತ್ತು ಎಂದು ಜೀವನಚರಿತ್ರೆಗಳು ಹೇಳುತ್ತವೆ. ಕೊಲೆಯ ಅನುಮಾನ ಆಗಲೇ ಪತ್ರಿಕೆಗಳಲ್ಲಿ ಬಂತು. ಕೆಲವರು ಜರ್ಮನ್ ಗೂಢಚಾರರನ್ನು ಹೆಸರಿಸಿದರು, ಕೆಲವರು ತೈಲ ಕಂಪನಿಗಳನ್ನು. ಯಾವುದಕ್ಕೂ ಸಾಕ್ಷ್ಯ ಸಿಕ್ಕಿಲ್ಲ. ಹೆಚ್ಚಿನ ಜೀವನಚರಿತ್ರೆಕಾರರು ಸಾಲ ಮತ್ತು ಮನಸ್ಸಿನ ಬಳಲಿಕೆಯ ಕಡೆಗೇ ಬೆರಳು ತೋರಿಸುತ್ತಾರೆ. ದೇಹದ ಪರೀಕ್ಷೆಯೇ ಆಗದ ಕಾರಣ ಖಚಿತವಾಗಿ ಮುಚ್ಚಿದ ಪ್ರಕರಣ ಇದಲ್ಲ. ಅವರಿಗೆ ಆಗ 55 ವರ್ಷ.

ಹಾಗಾದರೆ ಎಣ್ಣೆ ಹಾಕಿದಾಗ ಎಂಜಿನ್ ಸ್ಟಾರ್ಟ್ ಆಗುವುದು ಹೇಗೆ?

ರುಡಾಲ್ಫ್‌ಗೆ ದಕ್ಕದ ಪಂಪನ್ನು 1927ರಲ್ಲಿ ಸಾಲುಸಾಲಾಗಿ ತಯಾರಿಸತೊಡಗಿದ್ದು ಜರ್ಮನಿಯ ಬಾಷ್ ಕಂಪನಿ. ಗಾಳಿ ಯಂತ್ರ ಹೋಯಿತು, ಎಂಜಿನ್ ಚಿಕ್ಕದಾಯಿತು, ಲಾರಿಗೂ ದೋಣಿಗೂ ಇಳಿಯಿತು. ಇದೇ ಕಂಪನಿಯ ಭಾರತದ ಕೂಸು ನಮ್ಮ ಮೈಕೋ. 1950ರ ದಶಕದಲ್ಲಿ ಆಡುಗೋಡಿಯಲ್ಲಿ ಶುರುವಾದ ಆ ಕಾರ್ಖಾನೆಯ ಪಂಪು, ನಾಝಲ್‌ಗಳು ದೇಶದ ಲಾರಿ, ಟ್ರ್ಯಾಕ್ಟರುಗಳಿಗೆಲ್ಲ ಹೋದವು. ಈಗ ಉಲ್ಲಾಳದಿಂದ ಮೈಸೂರು ರಸ್ತೆ ಹಿಡಿದರೆ ಸಿಗುವ ಬಿಡದಿಯಲ್ಲೂ ಅದರ ಘಟಕವಿದೆ. ಆದ್ದರಿಂದ ಈ ಕಥೆ ಸಮುದ್ರವಿಲ್ಲದ ಉಲ್ಲಾಳಕ್ಕೂ ತೀರಾ ಪರಕೀಯವಲ್ಲ.

ಆ ಪಂಪಿನೊಳಗೆ ಒಂದು ಸಣ್ಣ ಉಕ್ಕಿನ ಕಡ್ಡಿ ಕೊಳವೆಯಲ್ಲಿ ಜಾರುತ್ತದೆ. ಎರಡರ ನಡುವಿನ ಸಂದು ಕೆಲವೇ ಮೈಕ್ರಾನ್, ತಲೆಗೂದಲಿಗಿಂತ ಎಷ್ಟೋ ಸಣ್ಣದು. ವರ್ಷಗಟ್ಟಲೆ ಓಡಿ ಅದು ಸವೆದಿದೆ ಅಂದುಕೊಳ್ಳಿ. ಬೆಳಗ್ಗೆ ಡೀಸೆಲ್ ತಣ್ಣಗೆ, ಸ್ವಲ್ಪ ಮಂದವಾಗಿರುತ್ತದೆ, ಸಂದಿನಲ್ಲಿ ಹೆಚ್ಚು ಸೋರುವುದಿಲ್ಲ. ಎಂಜಿನ್ ಹೊತ್ತಿಕೊಳ್ಳುತ್ತದೆ. ಕಡಲಿಗೆ ಹೋಗಿ ಬಲೆ ಬಿಡಲು ಎಂಜಿನ್ ನಿಲ್ಲಿಸಿದಿರಿ. ಈಗ ಪಂಪು ಕಾದಿದೆ. ಡೀಸೆಲ್ 40 ಡಿಗ್ರಿಯಿಂದ 80ಕ್ಕೆ ಏರಿದರೆ ಸುಮಾರು ಅರ್ಧದಷ್ಟು ತೆಳುವಾಗುತ್ತದೆ. ಸೆಲ್ಫ್ ಹೊಡೆದಾಗ ಎಂಜಿನ್ ತಿರುಗುವ ನಿಧಾನ ವೇಗದಲ್ಲಿ ಅದೆಲ್ಲ ಸಂದಿನಿಂದ ಹಿಂದಕ್ಕೇ ಸೋರುತ್ತದೆ. ನಾಝಲ್ ತೆರೆಯುವಷ್ಟು ಒತ್ತಡ ಬರುವುದಿಲ್ಲ. ಗಂಟೆ ಬಿಟ್ಟು ತಣ್ಣಗಾದ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುತ್ತದೆ.

ಈಗ ಕಡಲೆಕಾಯಿ ಎಣ್ಣೆಯ ಪವಾಡ ಗೊತ್ತಾಯಿತಲ್ಲ? ಮಂದವಾದ ಎಣ್ಣೆ ಸವೆದ ಸಂದನ್ನು ಆ ಹೊತ್ತಿಗೆ ಮುಚ್ಚುತ್ತದೆ. ರೋಗ ಹಾಗೇ ಉಳಿದು, ಜೊತೆಗೆ ನಾಝಲ್‌ನಲ್ಲಿ ಮಸಿ ಸೇರುತ್ತದೆ. ಮುಂದಿನ ಸಲ ದಡ ಇನ್ನೂ ದೂರವಿದ್ದಾಗ ಕೈಕೊಟ್ಟರೆ, ಅದೂ ಗಾಳಿ ಎದ್ದ ದಿನ, ಫಾರ್ವರ್ಡ್ ಕಳಿಸಿದವರು ಬರುವುದಿಲ್ಲ.

ಮೆಕ್ಯಾನಿಕ್‌ಗಳು ಇದನ್ನು ಹಿಡಿಯುವ ಉಪಾಯ ಸರಳ. ನಿಂತ ಎಂಜಿನ್‌ನ ಪಂಪಿನ ಮೇಲೆ ತಣ್ಣೀರಲ್ಲಿ ಅದ್ದಿದ ಬಟ್ಟೆ ಹಾಕಿ ಕೆಲವು ನಿಮಿಷ ಬಿಡುತ್ತಾರೆ. ಆಮೇಲೆ ಹೊತ್ತಿಕೊಂಡರೆ ಪಂಪು ಸವೆದಿದೆ ಎಂದು ಅರ್ಥ. ಅದನ್ನು ಬಿಚ್ಚಿ ಕ್ಯಾಲಿಬ್ರೇಷನ್ ಅಂಗಡಿಗೆ ಕೊಡಬೇಕು. ಇದು ಪರೀಕ್ಷೆಯೇ ಹೊರತು ದಿನನಿತ್ಯದ ಮದ್ದಲ್ಲ. ಓಡುತ್ತಿರುವ ಬಿಸಿ ಪಂಪಿಗೆ ಬಕೆಟ್‌ಗಟ್ಟಲೆ ತಣ್ಣೀರು ಎರಚಿದರೆ ಹೊರಕವಚ ಕುಗ್ಗಿ ಒಳಗಿನ ಭಾಗ ಕಚ್ಚಿಕೊಳ್ಳಬಹುದು. ಬಟ್ಟೆಗೆ ಬಗ್ಗದಿದ್ದರೆ ಬ್ಯಾಟರಿ, ಅದರ ತಂತಿಯ ತುದಿಗಳು, ಸೆಲ್ಫ್ ಮೋಟರ್ ನೋಡಬೇಕು. ಬಿಸಿಯಲ್ಲಿ ಎಂಜಿನ್ ನಿಧಾನ ತಿರುಗುತ್ತಿದ್ದರೆ ತಪ್ಪು ಇಂಧನದ್ದಲ್ಲ. ಕಾಮನ್ ರೈಲ್ ಇರುವ ಹೊಸ ಎಂಜಿನ್‌ಗಳಲ್ಲಿ ಇಂಜೆಕ್ಟರ್‌ಗಳಿಂದ ಹಿಂದಕ್ಕೆ ಬರುವ ಡೀಸೆಲ್ ಅಳೆದರೆ ಸೋರುವ ಇಂಜೆಕ್ಟರ್ ಸಿಕ್ಕಿಬೀಳುತ್ತದೆ.

ದೋಣಿಯ ಹಿಂಬದಿಗೆ ಕಟ್ಟುವ, ಪೆಟ್ರೋಲ್ ಇಂಜೆಕ್ಷನ್ ಇರುವ ಔಟ್‌ಬೋರ್ಡ್ ಎಂಜಿನ್‌ಗಳ ಕಥೆಯೇ ಬೇರೆ. ಅಲ್ಲಿ ಅಡುಗೆ ಎಣ್ಣೆಯನ್ನು ಯೋಚನೆಗೂ ತರಬೇಡಿ. ಎಂಜಿನ್ ನಿಲ್ಲಿಸಿದ ಕೂಡಲೇ ತಂಪು ನೀರಿನ ಹರಿವು ನಿಲ್ಲುತ್ತದೆ, ಮುಚ್ಚಳದೊಳಗಿನ ಶಾಖ ಇನ್ನೂ ಹತ್ತಿಪ್ಪತ್ತು ನಿಮಿಷ ಏರುತ್ತಲೇ ಇರುತ್ತದೆ. ಕೊಳವೆಯಲ್ಲಿ, ಇಂಧನದ ಚಿಕ್ಕ ತೊಟ್ಟಿಯಲ್ಲಿ ಪೆಟ್ರೋಲ್ ಆವಿಯಾಗುತ್ತದೆ. ಪಂಪಿಗೆ ದ್ರವ ಸಿಗದೆ ಗುಳ್ಳೆ ಸಿಗುತ್ತದೆ. ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟು, ಕೈಯಲ್ಲಿ ಒತ್ತುವ ರಬ್ಬರ್ ಬಲ್ಬನ್ನು ಗಟ್ಟಿಯಾಗುವ ತನಕ ಒತ್ತಿ, ಕೀ ಆನ್ ಮಾಡಿ ಪಂಪಿನ ಸದ್ದು ನಿಂತ ಮೇಲೆ ಸೆಲ್ಫ್ ಹೊಡೆದರೆ ಎಷ್ಟೋ ಸಲ ಸಾಕು. ಬಲ್ಬ್ ಗಟ್ಟಿಯಾಗದೇ ಇದ್ದರೆ ಟ್ಯಾಂಕಿನಿಂದ ಬರುವ ಹಾದಿಯಲ್ಲಿ ಎಲ್ಲೋ ಗಾಳಿ ಎಳೆಯುತ್ತಿದೆ ಅಥವಾ ಫಿಲ್ಟರ್ ಕಟ್ಟಿದೆ. ಪೆಟ್ರೋಲ್ ವಾಸನೆ ಜೋರಾಗಿದ್ದರೆ ಉಲ್ಟಾ ಕಥೆ. ಎಂಜಿನ್ ಬಿಸಿಯಿದ್ದರೂ ತಾಪಮಾನದ ಸೆನ್ಸರ್ ತಣ್ಣಗಿದೆ ಎಂದು ಹೇಳಿ ಹೆಚ್ಚು ಇಂಧನ ಸುರಿಸುತ್ತಿರಬಹುದು. ಆಗ ಸೆಲ್ಫ್ ಹೊಡೆಯುವುದನ್ನು ನಿಲ್ಲಿಸಿ, ಆವಿ ಹೋಗಲು ಬಿಟ್ಟು, ಬೀಡಿ ಸಿಗರೇಟು ದೂರವಿಟ್ಟು ಕಾಯಬೇಕು. ದಡಕ್ಕೆ ಬಂದ ಮೇಲೆ ಸೆನ್ಸರ್ ಪರೀಕ್ಷಿಸಲು ಕೊಡಿ.